ಔಷಧಿ ಕುಡಿದ ಎಂಟು ಕೋಳಿಗಳು

1964ನೇ ಇಸವಿ ಜುಲೈ 6, ಸೋಮವಾರ, ಬೆಳಿಗ್ಗೆ ಎಂಟೂವರೆ ಗಂಟೆ. ಹಾಸನದ ಒಂದು ಮಲೇರಿಯಾ ಕಚೇರಿಯ ಹಿಂದೆ, ಡಿ.ಡಿ.ಟಿ. ಚೀಲಗಳ ಉಗ್ರಾಣಕ್ಕೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ ಒಂದು ಕೋಳಿಮರಿಯ ರೆಕ್ಕೆಯ ಕೆಳಗಿನ ರಕ್ತನಾಳದಿಂದ ಎರಡು ಹನಿ ರಕ್ತ ತೆಗೆದು ಇನ್ನೊಂದು ಮರಿಗೆ ಚುಚ್ಚಿದರು. ಕೆಲಸಕ್ಕೆ ಸೇರಿದ ದಿನ ನಾನು ಮೊದಲು ನೋಡಿದ್ದು ಅದನ್ನು. ಅಂದೇ ದಿನಚರಿಯಲ್ಲಿ ಬರೆದುಕೊಂಡೆ. ಒಂಬತ್ತು ತಿಂಗಳಾದ ಮೇಲೆ ಅದೇ ಕೋಣೆಗಳ ಬಾಗಿಲಿಗೆ ಬೀಗ ಬಿದ್ದದ್ದನ್ನೂ ಬರೆದುಕೊಂಡೆ. ಈ ಎರಡರ ನಡುವೆ ಆದದ್ದನ್ನು ಈಗ ಹೇಳುತ್ತೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ಹೆದರಿ ಅಲ್ಲ. ಹೆಸರು ಹಾಕಿದರೆ ಇದು ಒಬ್ಬಿಬ್ಬರ ತಪ್ಪು ಎಂದಾಗಿಬಿಡುತ್ತದೆ; ಅಷ್ಟು ಸುಲಭವಾಗಿ ಉಳಿದವರೆಲ್ಲ ಬಿಡುಗಡೆಯಾಗುವುದು ನನಗೆ ಬೇಡ.

ನಮ್ಮದು ಹೊಳೆನರಸೀಪುರ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದವನಿಗೆ ಲ್ಯಾಬೊರೇಟರಿ ಅಸಿಸ್ಟೆಂಟ್ ಎಂಬ ತಾತ್ಕಾಲಿಕ ಹುದ್ದೆ ಸಿಕ್ಕಿತ್ತು. ಬೆಳಗಿನ ರೈಲಿನಲ್ಲಿ ಹಾಸನಕ್ಕೆ, ಸಂಜೆಯ ರೈಲಿನಲ್ಲಿ ಮನೆಗೆ. ರೈಲು ಎಷ್ಟು ತಡ, ಎಷ್ಟು ಮರಿ ಬಂದವು, ಎಷ್ಟು ಸತ್ತವು, ಯಾವ ಸ್ಲೈಡಿನಲ್ಲಿ ಏನು ಕಂಡಿತು ಎಂದು ಬರೆದಿಡುವ ಚಟ ನನಗೆ ಕಾಲೇಜಿನ ದಿನಗಳಿಂದಲೂ ಇದೆ. ಮನೆಯಲ್ಲಿ ಅಕ್ಕ ಹಂಗಿಸುತ್ತಿದ್ದಳು: “ಒಗ್ಗರಣೆಗೆ ಎಷ್ಟು ಸಾಸಿವೆ ಬಿತ್ತು ಅಂತಾನೂ ಬರ್ಕೊಳೋ, ಮರೆತುಬಿಟ್ಟೀಯ!”

ಆ ಎರಡು ಕೋಣೆಗಳನ್ನು ನಡೆಸುತ್ತಿದ್ದವರು ಒಬ್ಬ ಡಾಕ್ಟರಮ್ಮ. ಮೈಸೂರಿನವರು, ನಲವತ್ತರ ಹತ್ತಿರದ ವಯಸ್ಸು. ಬಿಳಿ ಕೋಟಿನ ಜೇಬಿನಲ್ಲಿ ಯಾವಾಗಲೂ ಬಣ್ಣಬಣ್ಣದ ದಾರದ ಉಂಡೆಗಳು. ಕೋಳಿಗಳ ಕಾಲಿಗೆ ಕಟ್ಟಲು. ಮಾತು ಕಡಿಮೆ, ಆಡಿದರೆ ಚುರುಕು. ಮೊದಲ ದಿನವೇ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, “ಏನು ಕಾಣುತ್ತೋ ಅದನ್ನು ಹೇಳು. ಏನು ಕಾಣಬೇಕು ಅಂತ ನನ್ನ ಮುಖ ನೋಡಬೇಡ,” ಎಂದರು.

ಕೋಳಿಗಳಿಗೂ ಮಲೇರಿಯಾ ಬರುತ್ತದೆ. ಮನುಷ್ಯರಿಗೆ ಬರುವ ಮಲೇರಿಯಾ ಅಲ್ಲ, ಅದರ ದಾಯಾದಿ. ಕೋಳಿಯದು ನಮಗೆ ಅಂಟುವುದಿಲ್ಲ, ನಮ್ಮದು ಕೋಳಿಗೆ ಅಂಟುವುದಿಲ್ಲ. ಆದರೆ ಎರಡೂ ಬದುಕುವ ರೀತಿ ಒಂದೇ: ರಕ್ತದ ಕಣದೊಳಗೆ ಸೇರಿಕೊಂಡು ಬೆಳೆಯುವ ಕಣ್ಣಿಗೆ ಕಾಣದ ಜೀವಿ, ಅದನ್ನು ಒಂದು ಮೈಯಿಂದ ಇನ್ನೊಂದು ಮೈಗೆ ಹೊತ್ತೊಯ್ಯುವ ಸೊಳ್ಳೆ. ಮನುಷ್ಯನ ಮೇಲೆ ಮಾಡಬಾರದ ಪರೀಕ್ಷೆಯನ್ನು ಕೋಳಿಯ ಮೇಲೆ ಮಾಡಿ ತಿಳಿಯಬಹುದು. ಡಾಕ್ಟರಮ್ಮ ತಿಳಿಯಬೇಕೆಂದಿದ್ದದ್ದು ಒಂದೇ ವಿಷಯ. ಔಷಧಿಯನ್ನು ಅರೆಬರೆಯಾಗಿ ಕೊಡುತ್ತಾ ಹೋದರೆ ಈ ಜೀವಿ ಅದಕ್ಕೆ ಒಗ್ಗಿಕೊಂಡು, ಕೊನೆಗೆ ಔಷಧಿಗೆ ಬಗ್ಗುವುದೇ ಇಲ್ಲ. ಹಾಗೆ ಒಗ್ಗಿದ್ದು ಆಯಾ ಜೀವಿಯ ಮಟ್ಟಿಗೆ ಮುಗಿಯುತ್ತದೆಯೋ, ಇಲ್ಲ ಅದರ ವಂಶಕ್ಕೇ ಇಳಿಯುತ್ತದೆಯೋ?

ಅದಕ್ಕಾಗಿ ಎರಡು ಸಾಲು ನಡೆಸುತ್ತಿದ್ದೆವು. ಕೆಂಪು ದಾರದ ಸಾಲಿನ ಮರಿಗಳಿಗೆ ಔಷಧಿ, ಬಿಳಿ ದಾರದವಕ್ಕೆ ಬರೀ ನೀರು. ನಾಲ್ಕೈದು ದಿನಕ್ಕೊಮ್ಮೆ ಜ್ವರ ಬಂದ ಮರಿಯ ರಕ್ತವನ್ನು ಹೊಸ ಮರಿಗೆ ದಾಟಿಸುವುದು, ಕೆಂಪು ಸಾಲಿಗೆ ಔಷಧಿಯನ್ನು ತುಸು ಏರಿಸುವುದು. ಡಿಸೆಂಬರಿನ ಹೊತ್ತಿಗೆ ಕೆಂಪು ಸಾಲಿನ ಜೀವಿಗಳು ಎಷ್ಟು ಔಷಧಿ ಕುಡಿಸಿದರೂ ಜಗ್ಗದಂತಾಗಿದ್ದವು. ಆದರೆ ಡಾಕ್ಟರಮ್ಮನಿಗೆ ಅಷ್ಟು ಸಾಲದು. ರಕ್ತದಲ್ಲಿ ಈ ಜೀವಿ ಬರಿದೇ ಒಡೆದು ಎರಡಾಗಿ, ನಾಲ್ಕಾಗಿ ಹೆಚ್ಚುತ್ತದೆ. ಗಂಡು ಹೆಣ್ಣು ಕೂಡುವುದು ಸೊಳ್ಳೆಯ ಹೊಟ್ಟೆಯಲ್ಲಿ ಮಾತ್ರ. ಸೊಳ್ಳೆಯ ಹೊಟ್ಟೆ ಹಾದು, ಹೊಸ ಪೀಳಿಗೆ ಹುಟ್ಟಿ ಬಂದ ಮೇಲೂ ಔಷಧಿಗೆ ಬಗ್ಗದಿದ್ದರೆ ಆಗ ಅದು ವಂಶದ ಗುಣ.

ಗೂಡುಗಳನ್ನು ನೋಡಿಕೊಳ್ಳುತ್ತಿದ್ದ ಅಟೆಂಡರ್ ಹಾಸನದ ಹತ್ತಿರದ ಮೊಸಳೆ ಎಂಬ ಊರಿನವರು. ನನಗಿಂತ ಹತ್ತು ವರ್ಷ ದೊಡ್ಡವರು, ಅಣ್ಣ ಎಂದು ಕರೆಯುತ್ತಿದ್ದೆ. ಡಾಕ್ಟರಮ್ಮ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿ ಕೇಳಿ ನಕ್ಕುಬಿಟ್ಟರು: “ಅಂಗಾದ್ರೆ ಸೊಳ್ಳೆ ಒಟ್ಟೇನೇ ಮದ್ವೆ ಚತ್ರ ಅನ್ನಿ ಡಾಕ್ಟ್ರಮ್ಮ!”

“ಹೌದು. ಮದುವೆ ಆದಮೇಲೆ ಮಕ್ಕಳು ಅಪ್ಪನ ಬುದ್ಧಿ ತರುತ್ತವೋ ಇಲ್ಲವೋ ಅಂತ ನೋಡಬೇಕು.”

“ನಮ್ಮನೇಲಿ ತಂದವೆ ಕಣ್ರಮ್ಮ. ಮೂರೂ ಎಮ್ಮೆ ತರ ಮಲಗ್ತವೆ.”

ಇಡೀ ಕಚೇರಿಯಲ್ಲಿ ಈ ಕೆಲಸದ ಬಗ್ಗೆ ಗೌರವ ಇದ್ದದ್ದು ನಮ್ಮ ಮೂವರಿಗೆ. ಕಚೇರಿಯ ಮುಖ್ಯಸ್ಥರಾಗಿದ್ದ ಆಫೀಸರಿಗೆ ನಾವು ಒಂದು ತಮಾಷೆ. ಬಂದವರ ಮುಂದೆಲ್ಲ, “ನಾವು ಮನುಷ್ಯರ ಮಲೇರಿಯಾ ಓಡಿಸಿಬಿಟ್ಟಿದ್ದೀವಿ. ಇವರಿಗೆ ಬೇಜಾರಾಗಿ ಕೋಳಿಗೆ ಬರಿಸ್ತಾ ಕೂತಿದ್ದಾರೆ,” ಎನ್ನುತ್ತಿದ್ದರು. ಜನ ನಗುತ್ತಿದ್ದರು. ಜ್ವರದ ಕೇಸುಗಳು ನಿಜವಾಗಿಯೂ ತೀರ ಇಳಿದಿದ್ದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಳಿದದ್ದು ಬೇರೆ, ಮುಗಿದದ್ದು ಬೇರೆ.

ಆ ಸೆಪ್ಟೆಂಬರಿನಲ್ಲಿ ಆಫೀಸರ ಜೀಪಿನಲ್ಲಿ ಡಾಕ್ಟರಮ್ಮನೂ ನಾನೂ ಅರಕಲಗೂಡಿನ ಕಡೆಯ ಒಂದು ಊರಿಗೆ ರಕ್ತದ ಸ್ಲೈಡ್ ತೆಗೆಯಲು ಹೋಗಿದ್ದೆವು. ಒಂದು ಮನೆಯ ಮಗುವಿಗೆ ಮಾತ್ರೆ ಕೊಟ್ಟು ಹೋದಮೇಲೂ ಜ್ವರ ಮರುಕಳಿಸಿತ್ತು. ಆಫೀಸರು ಆ ತಾಯಿಯನ್ನು ಬೀದಿಯಲ್ಲಿ ನಿಲ್ಲಿಸಿ ಗದರಿದರು: “ಕೊಟ್ಟ ಮಾತ್ರೆ ಉಗಿಸಿದ್ದೀಯ. ನಿಮ್ಮಂಥವರಿಂದಲೇ ಸರ್ಕಾರದ ಕೆಲಸ ಹಾಳಾಗೋದು.”

ಆಕೆ ಸೊಂಟದ ಮೇಲಿದ್ದ ಮಗುವನ್ನು ಇನ್ನೊಂದು ಕಡೆಗೆ ಜರುಗಿಸಿಕೊಂಡಳು. “ನಾನ್ಯಾಕ್ ಉಗಿಸ್ಲಿ ಸಾ? ನನ್ ಮಗ ಕಣ್ ಸಾ ಇದು. ಮೂಗ್ ಇಡ್ದು ನುಂಗ್ಸಿವ್ನಿ. ನಿಮ್ ಮಾತ್ರೇನೇ ಕೇಳಿ, ಯಾಕ್ ಕೆಲ್ಸ ಮಾಡ್ನಿಲ್ಲ ಅಂತ.”

ಬೀದಿಯವರೆಲ್ಲ ನಕ್ಕರು. ಆಫೀಸರು ಜೀಪು ಹತ್ತಿದರು. ವಾಪಸು ಬರುವಾಗ ಡಾಕ್ಟರಮ್ಮ, “ಮಾತ್ರೆ ಕಡಿಮೆಯಾಗಿರಬಹುದು, ಬೇರೆ ಜ್ವರ ಇರಬಹುದು, ಇನ್ನೇನೋ ಇರಬಹುದು. ಆಕೆಯದೇ ತಪ್ಪು ಅಂತ ನಿಮಗೆ ಹೇಗೆ ಗೊತ್ತು?” ಎಂದು ಕೇಳಿದರು. ಆಫೀಸರು ಡ್ರೈವರಿಗೆ ಬೇಗ ಓಡಿಸು ಎಂದರು. ಡಾಕ್ಟರಮ್ಮ ನನ್ನ ಕಡೆ ತಿರುಗಿ, “ನನಗೂ ಗೊತ್ತಿಲ್ಲ. ಅದಕ್ಕೇ ಕೋಳಿ ಸಾಕುತ್ತಿರೋದು,” ಎಂದರು.

ಇಲ್ಲಿ ಕೆಂಪು ಸಾಲಿನ ಒಂದು ಹೇಂಟೆಯ ವಿಷಯ ಹೇಳಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಸಣ್ಣ ಮರಿಗಳು ಈ ಜ್ವರಕ್ಕೆ ಬೇಗ ಸಾಯುತ್ತವೆ. ಬೆಳೆದ ಕೋಳಿ ಜ್ವರ ಗೆದ್ದು ಚೇತರಿಸಿಕೊಂಡರೂ ರಕ್ತದಲ್ಲಿ ನಾಲ್ಕಾರು ಜೀವಿಗಳು ಅಡಗಿ ಉಳಿದೇ ಇರುತ್ತವೆ, ಬಹುಶಃ ಆ ಕೋಳಿ ಸಾಯುವತನಕ. ಅಂದರೆ ಗುಣವಾದ ಕೋಳಿ ನಮಗೆ ಬಿತ್ತನೆ ಬೀಜವಿದ್ದಂತೆ. ಅಂಥದೊಂದು ಹೇಂಟೆ ನಮ್ಮಲ್ಲಿತ್ತು. ಇಡಲು ಗೂಡಿರಲಿಲ್ಲ. ಹೊಸ ಗೂಡಿಗೆ ಡಾಕ್ಟರಮ್ಮ ಮೂರು ಸಲ ಬರೆದಿದ್ದರು, ಮೂರು ಸಲವೂ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ. ಆಗ ಅಣ್ಣ, “ನಮ್ಮಕ್ಕನ ಮನೇಲಿ ಪಾಲಿಗ್ ಬುಡನ ಬನ್ನಿ,” ಎಂದರು.

ಪಾಲಿಗೆ ಬಿಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೋಳಿ ಒಬ್ಬರದು, ಸಾಕಣೆ ಇನ್ನೊಬ್ಬರದು. ಮರಿಯಾದರೆ ಅರ್ಧ ಅರ್ಧ. ತಾಯಿಕೋಳಿ ಮಾತ್ರ ಕೊಟ್ಟವರದೇ. ಸಾಕಿದವರು ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಮನೆಗೆ ನೆಂಟರು ಬಂದರೂ ಬೇರೆ ಕೋಳಿಯನ್ನೇ ಹಿಡಿಯಬೇಕು. ಗುರುತಿಗೆ ಒಂದೊಂದು ಮನೆಯವರು ಒಂದೊಂದು ಬೆರಳಿನ ತುದಿ ಕತ್ತರಿಸುತ್ತಾರೆ. ಡಿಸೆಂಬರಿನಲ್ಲಿ ಅಣ್ಣನ ಅಕ್ಕ ನಮ್ಮ ಹೇಂಟೆಯ ಎಡಗಾಲಿನ ಹಿಂಬೆರಳ ತುದಿ ತೆಗೆದು, ಗಾಯಕ್ಕೆ ಅರಿಶಿನ ಒತ್ತಿ, “ಇನ್ ಇದು ನಿಮ್ದು, ನನ್ ಮಾತು,” ಎಂದರು. ಆ ಹೇಂಟೆಗೆ ಅದಕ್ಕಿಂತ ಭದ್ರವಾದ ಗೂಡನ್ನು ಯಾವ ಕಚೇರಿಯೂ ಕೊಡಲಾರದಿತ್ತು.

ಜನವರಿಯಲ್ಲಿ ಕೆಲವು ಸೊಳ್ಳೆಗಳಿಗೆ ಕೆಂಪು ಸಾಲಿನ ರಕ್ತ, ಇನ್ನು ಕೆಲವಕ್ಕೆ ಬಿಳಿ ಸಾಲಿನದು ಕುಡಿಸಿದೆವು. ಮಡಕೆ ನೀರಿನಲ್ಲಿ ನಾವೇ ಬೆಳೆಸಿದ ಪಟ್ಟೆಕಾಲಿನ ಸೊಳ್ಳೆಗಳು. ಮರಿಗಳಿಗೆ ಬರ ಬಂದಿದ್ದರಿಂದ ರಕ್ತದಿಂದ ರಕ್ತಕ್ಕೆ ದಾಟಿಸುವುದನ್ನು ನಿಲ್ಲಿಸಿ, ಇದ್ದ ಶಕ್ತಿಯನ್ನೆಲ್ಲ ಈ ಒಂದು ಪರೀಕ್ಷೆಗೆ ಹಾಕಿದೆವು. ಜ್ವರ ತಾಳಿಕೊಳ್ಳಲಿ ಎಂದು ಬೆಳೆದ ಕೋಳಿಗಳನ್ನೇ ಆರಿಸಿದೆವು. ಮೇಲಿನ ಸಾಲಿನ ಗೂಡುಗಳಲ್ಲಿ ಎಂಟು: ಐದು ಕೆಂಪು ದಾರದವು, ಮೂರು ಬಿಳಿ. ಎಂಟಕ್ಕೂ ಔಷಧಿ. ಕೆಳಗಿನ ಗೂಡುಗಳಲ್ಲಿ ಬಿಳಿ ದಾರದ ಇನ್ನೂ ಮೂರು, ಅವಕ್ಕೆ ಔಷಧಿ ಇಲ್ಲ, ಹೋಲಿಸಿ ನೋಡಲು. ಎಲ್ಲಕ್ಕೂ ಆಯಾ ಸಾಲಿನ ಸೊಳ್ಳೆ ಕಚ್ಚಿಸಿ, ಎಲ್ಲದರ ರಕ್ತದಲ್ಲೂ ಜೀವಿ ಕಂಡಮೇಲೆ, ಫೆಬ್ರವರಿ 13ರ ಶನಿವಾರ ಔಷಧಿ ಶುರು. ಭಾನುವಾರ ಬೆಳಿಗ್ಗೆ ಅಣ್ಣ ಒಂದೊಂದನ್ನೂ ಹಿಡಿದು ಕೊಕ್ಕು ಬಿಡಿಸಿ ಎರಡನೆಯ ಸಲ ಕುಡಿಸಿ ಊರಿಗೆ ಹೋದರು. ಸೋಮವಾರ ಬೆಳಿಗ್ಗೆ ಮೊದಲ ಸ್ಲೈಡ್. ಬಿಳಿ ದಾರದವುಗಳ ರಕ್ತ ಶುದ್ಧವಾಗಿ, ಕೆಂಪು ದಾರದವುಗಳಲ್ಲಿ ಜೀವಿ ಉಳಿದಿದ್ದರೆ ಉತ್ತರ ಸಿಕ್ಕಂತೆ.

ಸೋಮವಾರ ರೈಲು ಇಪ್ಪತ್ತು ನಿಮಿಷ ತಡ. ನಾನು ಹೋಗುವಷ್ಟರಲ್ಲಿ ಡಾಕ್ಟರಮ್ಮ ಗೂಡುಗಳ ಮುಂದೆ ನಿಂತಿದ್ದರು. ಕೈಯಲ್ಲಿ ಒರೆಸಿಟ್ಟ ಗಾಜಿನ ಸ್ಲೈಡುಗಳು. ಮೇಲಿನ ಎಂಟೂ ಗೂಡು ಖಾಲಿ. ಕೆಳಗಿನ ಮೂರು ಕೋಳಿಗಳು ರೆಕ್ಕೆ ಜೋಲುಬಿಟ್ಟುಕೊಂಡು, ಬಿಳಿಚಿದ ಜುಟ್ಟಿನಲ್ಲಿ, ಇದ್ದಲ್ಲೇ ಕುಳಿತಿದ್ದವು.

ಜೀಪಿನ ಡ್ರೈವರ್ ಬಾಗಿಲಲ್ಲಿ ಇಣುಕಿದ. ಅವನಿಗೆ ಏನೂ ಮುಚ್ಚಿಡುವ ಯೋಚನೆ ಇರಲಿಲ್ಲ. ಭಾನುವಾರ ಬೆಂಗಳೂರಿನಿಂದ ದೊಡ್ಡ ಸಾಹೇಬರು ದಿಢೀರನೆ ಕ್ಯಾಂಪ್ ಬಂದರಂತೆ. ಜಿಲ್ಲೆಯಲ್ಲಿ ಮಲೇರಿಯಾ ತೊಲಗಿದೆಯೆಂದು ನೋಡಿ ಬರೆಯುವುದಕ್ಕೆ. ಮಧ್ಯಾಹ್ನಕ್ಕೆ ನಾಟಿ ಕೋಳಿ ಸಾರು ಆಗಬೇಕು, ಅವತ್ತು ಸಂತೆ ಇಲ್ಲ. ಕ್ಯಾಂಪ್ ಬಂದ ಸಾಹೇಬರಿಗೆ ಊಟ ಹೊಂದಿಸುವುದು ಕೆಳಗಿನವರ ಧರ್ಮ, ಎಲ್ಲಿಂದ ಹೊಂದಿಸಿದರು ಎಂದು ಕೇಳದಿರುವುದು ಸಾಹೇಬರ ಧರ್ಮ. ಈ ಪದ್ಧತಿ ನಮ್ಮ ಕಚೇರಿಯೊಂದರದೇ ಅಲ್ಲ. ಓದುವವರಲ್ಲಿ ಸರ್ಕಾರಿ ನೌಕರರಿದ್ದರೆ ಎದೆ ಮುಟ್ಟಿ ನೋಡಿಕೊಳ್ಳಲಿ.

“ಕಾಯ್ಲೆ ಕೋಳಿ ಅಂತ ಗೊತ್ತಿರಲಿಲ್ಲವೇನಯ್ಯ?” ಎಂದು ಕೇಳಿದೆ.

“ಗೊತ್ತಿಲ್ದೆ ಏನ್ ಸಾ? ಅದ್ಕೇ ನೋಡಿ ನೋಡಿ ಇಡ್ದಿದ್ದು,” ಎಂದ ಡ್ರೈವರ್, ನಾನು ಅವನ ಬುದ್ಧಿಯನ್ನು ಅನುಮಾನಿಸಿದೆನೆಂದು ನೊಂದವನಂತೆ. “ಬೆಳಿಗ್ಗೆ ಮದ್ದು ಕುಡ್ಸಿದ್ರಲ್ಲ, ಅವ್ಗೊಳ್ನೇ ಆರಿಸ್ಕಂಡೆ. ಮದ್ದು ಕುಡ್ದವ್ಕೆ ಇನ್ನೆಲ್ಲಿ ಕಾಯ್ಲೆ? ಕುಡೀದೇ ಇರೋ ಮೂರ್ನ ಮುಟ್ಟೇ ಇಲ್ಲ, ನೋಡಿ ಬೇಕಾರೆ.”

ಇದನ್ನು ನಾನು ಎಷ್ಟು ಸಲ ನೆನೆದರೂ ಮೈ ಉರಿಯುತ್ತದೆ. ಕುರುಡಾಗಿ ಕೈಹಾಕಿದ್ದರೆ ಒಂದಾದರೂ ಕೆಂಪು ದಾರದ ಕೋಳಿ ಉಳಿಯುತ್ತಿತ್ತೋ ಏನೋ. ಕೈಹಾಕಿದ್ದು ಯೋಚನೆ ಮಾಡಿ. ಮಾತ್ರೆ ಕೊಟ್ಟಮೇಲೆ ರೋಗ ಇರುವುದಿಲ್ಲ ಎಂಬ ಯೋಚನೆ. ಅರಕಲಗೂಡಿನ ತಾಯಿಯನ್ನು ಬೀದಿಯಲ್ಲಿ ಗದರಿಸಿದ್ದು ಇದೇ ಯೋಚನೆ. ಅದು ಸುಳ್ಳೋ ನಿಜವೋ ಎಂದು ಹೇಳಬೇಕಾಗಿದ್ದ ಐದು ಕೋಳಿಗಳನ್ನು ಅದೇ ಯೋಚನೆ ಆರಿಸಿ ಸಾರಿಗೆ ಹಾಕಿತು. ಅವು ಔಷಧಿ ಕುಡಿದದ್ದು ಬಹುಶಃ ಯಾವ ಔಷಧಿಗೂ ಬಗ್ಗದ ಜೀವಿಗಳನ್ನು ಮೈಯಲ್ಲಿಟ್ಟುಕೊಂಡು. ಉಂಡವರಿಗೆ ಏನೂ ಆಗಲಿಲ್ಲ, ಆಗುವಂಥದೂ ಅಲ್ಲ. ಸಾಹೇಬರು ಇಳಿದಿದ್ದ ಪ್ರವಾಸಿ ಬಂಗಲೆಯ ಹಿತ್ತಿಲಿನಲ್ಲಿ ಪುಕ್ಕದ ರಾಶಿಯ ನಡುವೆ ಕಾಲುಗಳು ಬಿದ್ದಿದ್ದವು. ಕೆಂಪು ದಾರ ಬಿಚ್ಚುವ ವ್ಯವಧಾನವೂ ಅಡಿಗೆಯವನಿಗೆ ಇರಲಿಲ್ಲ. ನಾನು ಎಣಿಸಿದೆ. ಎಣಿಸದೆ ಇರಲು ನನ್ನಿಂದ ಆಗುವುದಿಲ್ಲ.

ಆಫೀಸರು ಹತ್ತು ಗಂಟೆಗೆ ಬಂದರು. “ಏನು ಡಾಕ್ಟ್ರೇ, ಕೋಳಿ ಕಾಣೆಯಾದುವಂತೆ?”

“ಕಾಣೆಯಾಗಿಲ್ಲ ಸರ್. ಎಲ್ಲಿವೆ ಅಂತ ಗೊತ್ತಿದೆ. ವಾಪಸು ತೆಗೆಯೋಕೆ ಬರೋದಿಲ್ಲ, ಅಷ್ಟೆ.”

ಆಫೀಸರು ನಕ್ಕರು. “ಬಿಡಿ ಅಮ್ಮ. ಸಾಹೇಬರು ತುಂಬಾ ಮೆಚ್ಚಿಕೊಂಡರು. ನಾಳೆ ಸಂತೆ ಇದೆ, ಎಂಟಕ್ಕೆ ಎಂಟು ತರಿಸಿ ಹಾಕಿಸ್ತೀನಿ. ಇನ್ನೂ ದಪ್ಪನಾದ್ದೇ.”

ಅವರು ಮಾತಿಗೆ ತಪ್ಪುವವರಲ್ಲ. ಮಂಗಳವಾರ ಸಂಜೆ ಎಂಟು ಗೂಡಿನಲ್ಲೂ ಎಂಟು ಕೋಳಿ. ಐದಕ್ಕೆ ಕೆಂಪು ದಾರ, ಮೂರಕ್ಕೆ ಬಿಳಿ. ಅದನ್ನೂ ಯಾರೋ ನೋಡಿ ಕಟ್ಟಿದ್ದರು. ರಿಜಿಸ್ಟರಿನಲ್ಲಿ ಎಂಟು, ಗೂಡಿನಲ್ಲಿ ಎಂಟು. ಎಣಿಕೆ ತಾಳೆಯಾದರೆ ಮನಸ್ಸಿಗೆ ನೆಮ್ಮದಿ ಎಂದು ನಂಬಿ ಬೆಳೆದವನು ನಾನು. ಆವತ್ತು ತಾಳೆಯಾದ ಎಣಿಕೆಯನ್ನು ದಿನಚರಿಯಲ್ಲಿ ಬರೆದು ಹೊಡೆದುಹಾಕಿದೆ. ಅಣ್ಣ ಆ ಹೊಸ ಕೋಳಿಗಳಿಗೆ ಕಾಳು ಹಾಕುತ್ತಾ, “ಇವ್ಕೆ ಜ್ವರಾನೂ ಇಲ್ಲ, ನಾಚ್ಕೇನೂ ಇಲ್ಲ,” ಎಂದು ಗೊಣಗಿದರು. ಬೈದದ್ದು ಕೋಳಿಗಳಿಗಲ್ಲ.

ಡಾಕ್ಟರಮ್ಮ ಆ ವಾರವೇ ಬೆಂಗಳೂರಿಗೆ ದೂರು ಬರೆದರು. ನಡೆದದ್ದನ್ನು ನಡೆದ ಹಾಗೆ, ಒಂದು ಬಿರುಸು ಮಾತಿಲ್ಲದೆ. ದೂರು ಬೆಂಗಳೂರಿಗೆ ಹೋಗಿ, ‘ಸೂಕ್ತ ಕ್ರಮಕ್ಕಾಗಿ’ ಎಂಬ ಮೊಹರು ಹೊತ್ತು, ಯಾರ ಮೇಲೆ ಬರೆದಿದ್ದರೋ ಅವರ ಮೇಜಿಗೇ ಬಂದು ಬಿತ್ತು. ಕೋಳಿ ತಿಂದವರು ಕೋಳಿ ತಿಂದದ್ದರ ವಿಚಾರಣೆ ನಡೆಸಿದರು. ಎಂಟೂ ಕೋಳಿ ಗೂಡಿನಲ್ಲೇ ಇವೆ, ಎಣಿಸಿಕೊಳ್ಳಿ ಎಂದು ತೀರ್ಮಾನವಾಯಿತು. ಆದರೆ ವಿಚಾರಣೆ ಅಲ್ಲಿಗೆ ನಿಲ್ಲಲಿಲ್ಲ. ಮೊಸಳೆಯಲ್ಲಿ ಒಂದು ಹೇಂಟೆ ಇರುವುದು ಅವರ ಕಿವಿಗೆ ಬಿದ್ದಿತ್ತು. ಸರ್ಕಾರದ ಕೋಳಿಯನ್ನು ಅಟೆಂಡರ್ ತನ್ನ ನೆಂಟರ ಮನೆಗೆ ಸಾಗಿಸಿದ್ದಾನೆ. ಏಕೆ ಕೆಲಸದಿಂದ ತೆಗೆಯಬಾರದು, ಉತ್ತರ ಕೊಡು ಎಂದು ಅಣ್ಣನಿಗೆ ನೋಟೀಸು ಬಂತು.

ಡಾಕ್ಟರಮ್ಮ ಹೋಗಿ, ಕಳಿಸಿದ್ದು ತಾವೇ ಎಂದರು. ಕಾಗದ ಎಲ್ಲಿದೆ ಎಂದು ಆಫೀಸರು ಕೇಳಿದರು. ಕಾಗದ ಇರಲಿಲ್ಲ. ಪಾಲಿಗೆ ಬಿಡುವುದಕ್ಕೆ ಯಾರಾದರೂ ಕಾಗದ ಬರೆಯುತ್ತಾರೆಯೇ? ಕೊನೆಗೆ ಒಂದು ದಾರಿ ತೋರಿಸಿದರು: ಹೇಂಟೆಯನ್ನು ತಂದು ದಾಸ್ತಾನಿಗೆ ಸೇರಿಸಿದರೆ ಅಟೆಂಡರಿನ ಮೇಲಿನ ಆಪಾದನೆ ಬಿಡಬಹುದು. ಡಾಕ್ಟರಮ್ಮ ಬಹಳ ಹೊತ್ತು ಯೋಚಿಸಲಿಲ್ಲ. “ಕೆಂಪು ಸಾಲಿನಲ್ಲಿ ಉಳಿದದ್ದು ಅದೊಂದೇ. ಆ ಕೋಳಿ ಹೋದರೆ ನನ್ನ ಕೆಲಸ ಹೋಗುತ್ತೆ. ಅದು ಬರದಿದ್ದರೆ ಇವರ ಮನೆ ಒಲೆ ಆರುತ್ತೆ. ಹೋಗಿ ತಗೊಂಡು ಬನ್ನಿ,” ಎಂದರು.

ಮೊಸಳೆಗೆ ಅಣ್ಣನೂ ನಾನೂ ಹೋದಾಗ ಹೇಂಟೆ ಕಾವಿಗೆ ಕುಳಿತಿತ್ತು. ಅಣ್ಣನ ಅಕ್ಕ ಬಾಗಿಲಿಗೆ ಅಡ್ಡ ನಿಂತರು.

“ಮರಿ ಎದ್ದಿಲ್ಲ, ಪಾಲಾಗಿಲ್ಲ. ಈಗ್ ಎತ್ಕಂಡೋದ್ರೆ ಸರ್ಕಾರದೋರ್ ಬಂದ್ ಕುಂತ್ಕತಾರೇನ್ಲಾ ಮೊಟ್ಟೆ ಮ್ಯಾಲೆ?”

“ಕುಂತ್ಕಂಡ್ರೂ ಕುಂತ್ಕಂಡಾರು ಕಣಕ್ಕ. ಅವ್ರಿಗ್ ಕುಂತ್ಕಳದ್ ಬುಟ್ಟು ಇನ್ನೇನ್ ಬತ್ತದೆ?” ಎಂದರು ಅಣ್ಣ.

ಆಕೆ ನಕ್ಕರು, ಆಮೇಲೆ ತಮ್ಮನ ಮುಖ ನೋಡಿ ನಗು ನಿಲ್ಲಿಸಿದರು. ಕೆಲಸ ಹೋಗುವ ಮಾತು ತಿಳಿದ ಮೇಲೆ ತಾವೇ ಹೇಂಟೆಯನ್ನು ಎತ್ತಿ, ಬೆಚ್ಚಗಿದ್ದ ಅದರ ಹೊಟ್ಟೆಯನ್ನು ಅಂಗೈಯಿಂದ ಸವರಿ, ಬುಟ್ಟಿಗೆ ಬಿಟ್ಟರು. ನನಗೆ ಹೇಳಿದರು: “ಬೆಳ್ಳ್ ನೋಡ್ಕಳಪ್ಪ, ಅದೇ ಕೋಳಿ. ನನ್ ಮಾತ್ ಉಳ್ಸ್ಕಂಡಿವ್ನಿ.” ಹಿಂಬೆರಳನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

ಹೇಂಟೆ ನಮ್ಮ ಕೈಗೆ ಬಂದದ್ದೇ ಒಂದು ಅವಕಾಶವೂ ಆಯಿತು. ಅದರ ರಕ್ತದ ಸ್ಲೈಡಿನಲ್ಲಿ ಏನೂ ಕಾಣಲಿಲ್ಲ. ಅಡಗಿದ್ದದ್ದು ಸುಲಭವಾಗಿ ಕಾಣುವುದಿಲ್ಲ. ಡಾಕ್ಟರಮ್ಮ ಅದರ ರಕ್ತವನ್ನು ಎರಡು ಸಣ್ಣ ಮರಿಗಳಿಗೆ ಚುಚ್ಚಿ ದಿನಾ ನೋಡತೊಡಗಿದರು. ಮೊದಲ ವಾರ ಏನಿಲ್ಲ. ಎರಡನೆಯ ವಾರದ ಒಂದು ಬೆಳಿಗ್ಗೆ ನನ್ನನ್ನು ಕರೆದು ಸೂಕ್ಷ್ಮದರ್ಶಕ ಬಿಟ್ಟುಕೊಟ್ಟರು. “ಏನು ಕಾಣುತ್ತೋ ಹೇಳು.” ಕೆಂಪುಕಣದ ಒಳಗೆ ನೀಲಿ ಬಣ್ಣ ಕುಡಿದ ಸಣ್ಣ ಉಂಗುರ. ಇನ್ನೊಂದು. ಮತ್ತೊಂದು. ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಆವತ್ತು ಮಾತ್ರ ಅದಕ್ಕೆ ಅವರು ಗದರಲಿಲ್ಲ. ಸಾಲು ಬದುಕಿತ್ತು. ಮತ್ತೆ ಸೊಳ್ಳೆ, ಮತ್ತೆ ಎಂಟು ಕೋಳಿ, ಎರಡು ಮೂರು ತಿಂಗಳ ಕೆಲಸ.

ಮೂರು ತಿಂಗಳಲ್ಲ, ಮೂರು ದಿನ ಸಿಕ್ಕಿತು. ಏಪ್ರಿಲ್ ತಿಂಗಳಲ್ಲಿ ಆದೇಶ ಬಂತು. ಜಿಲ್ಲೆಯಲ್ಲಿ ಮಲೇರಿಯಾ ಇಲ್ಲವಾಗಿರುವುದರಿಂದ ಈ ಪ್ರಯೋಗಾಲಯ ಅನಗತ್ಯ. ಡಾಕ್ಟರಮ್ಮನಿಗೆ ದೂರದ ಒಂದು ಆಸ್ಪತ್ರೆಗೆ ವರ್ಗ. ನನ್ನ ಹುದ್ದೆ ರದ್ದು. ಸಾಮಾನು ಬೆಂಗಳೂರಿಗೆ. ಕೋಳಿಗಳಲ್ಲಿ ರೋಗವಿರುವವುಗಳನ್ನು ನಾಶಮಾಡುವುದು, ಆರೋಗ್ಯವಾಗಿರುವವುಗಳನ್ನು ಹರಾಜು ಹಾಕುವುದು.

ಹರಾಜಿನ ದಿನ ಬೆಳಿಗ್ಗೆ ನಾನು ರೈಲಿಳಿದು ಬರುವ ಮೊದಲೇ ತೂಕಡಿಸುತ್ತಿದ್ದ ಎರಡು ಮರಿಗಳನ್ನು ಗುಂಡಿಯಲ್ಲಿ ಹಾಕಿ ಸುಣ್ಣ ಸುರಿದಿದ್ದರು. ಹೇಂಟೆಯ ಜುಟ್ಟು ಕೆಂಪಗಿತ್ತು, ಕಣ್ಣು ಚುರುಕಾಗಿತ್ತು. ಅದನ್ನು ಹರಾಜಿನ ಬುಟ್ಟಿಗೆ ಹಾಕಿದ್ದರು. ಮತ್ತದೇ ಬುದ್ಧಿ. ಕಂಡ ಕಾಯಿಲೆಯನ್ನು ಹೂಳು, ಕಾಣದ್ದನ್ನು ಮಾರು.

“ಇದೊಂದನ್ನು ನಾನು ಕೊಂಡುಕೊಳ್ಳುತ್ತೇನೆ,” ಎಂದರು ಡಾಕ್ಟರಮ್ಮ.

“ಸಿಬ್ಬಂದಿ ಹರಾಜು ಕೂಗುವಂತಿಲ್ಲ ಡಾಕ್ಟ್ರೇ. ರೂಲು,” ಎಂದರು ಆಫೀಸರು. ರೂಲಿನ ಬಗ್ಗೆ ಅವರಿಗೆ ಅಂದು ಎಲ್ಲಿಲ್ಲದ ಭಕ್ತಿ.

ಅಣ್ಣ ಅಕ್ಕನಿಗೆ ಹೇಳಿ ಕಳಿಸಿದ್ದರು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದು ಕೂಗಿದರು. ಆಫೀಸರ ಗುಮಾಸ್ತ, “ನೀನು ಅಟೆಂಡರ್ ಅಕ್ಕ ಅಲ್ವೇನಮ್ಮ? ಸಿಬ್ಬಂದಿ ಸಂಬಂಧಿಕರೂ ಕೂಗೋ ಹಾಗಿಲ್ಲ,” ಎಂದ.

“ತಿನ್ನಕ್ ಮಾತ್ರ ಸಂಬಂದ್ವೇ ಬ್ಯಾಡ, ಕೊಂಡ್ಕಳಕ್ ಎಲ್ಲಾ ಸಂಬಂದ ನೋಡ್ತೀರ!” ಎಂದರು ಆಕೆ, ಎಲ್ಲರಿಗೂ ಕೇಳುವಂತೆ. ಒಬ್ಬರೂ ನಗಲಿಲ್ಲ. ಹೇಂಟೆಯನ್ನು ಹಿರೀಸಾವೆಯ ಕಡೆಯ ಕೋಳಿ ವ್ಯಾಪಾರದ ಹೆಂಗಸೊಬ್ಬಳು ಕೂಗಿ, ಕಾಲು ಕಟ್ಟಿ, ಬಸ್ಸು ಹತ್ತಿದಳು. ಡಾಕ್ಟರಮ್ಮ ಮರುದಿನ ಹೋದರು. ಜೇಬಿನ ದಾರದ ಉಂಡೆಗಳನ್ನು ಅಣ್ಣನ ಮಕ್ಕಳಿಗೆ ಗಾಳಿಪಟಕ್ಕೆ ಕೊಟ್ಟರು, ಕೆಂಪೊಂದನ್ನು ಬಿಟ್ಟು.

ಮೇ ತಿಂಗಳಲ್ಲಿ ನಾನು ಹಿರೀಸಾವೆಗೆ ಹೋದೆ. ರಸ್ತೆ ಬದಿಯ ಹೋಟೆಲುಗಳಲ್ಲಿ ಒಂದೊಂದರ ಹಿತ್ತಿಲಿಗೂ ಇಣುಕಿ ಬೈಸಿಕೊಂಡೆ. ನಾಲ್ಕನೆಯ ಸಲ ಹೋದಾಗ ಆ ವ್ಯಾಪಾರದವಳು ಸಿಕ್ಕಳು.

“ಬಿಳೀ ಗರಿ ಇರೋ ಕೆಂಪ್ ಕೋಳಿಯಾ? ಕುಯ್ಸಾಕ್ ಕೊಟ್ಟಿಲ್ಲ ಕಣಪ್ಪ. ಕಾವ್ ಮುರ್ಕಂಡ್ ಬಂದಿತ್ತು, ಗೊರಗೊರ ಅಂತಿತ್ತು, ಪಾಪ ಅನ್ನುಸ್ತು. ಚನ್ರಾಯ್‌ಪಟ್ಣದ್ ಸಂತೇಲಿ ದಂಡಿಗನಳ್ಳಿ ಕಡೆಯೋಳ್ ಒಬ್ಳಿಗೆ ಪಾಲಿಗ್ ಬುಟ್ಟೆ.”

“ಯಾವ ಊರು, ಯಾರ ಮನೆ?”

“ಕೇಳ್ನಿಲ್ಲ. ಮರಿ ಬೆಳುದ್ರೆ ಅವ್ಳೇ ತತ್ತಾಳೆ. ನೀನೇನ್ ಪೊಲೀಸ್ನೋನಾ, ಇಂಗ್ ಕೇಳ್ತೀಯ?”

ಅವಳ ಮೇಲೆ ಸಿಟ್ಟು ಮಾಡಲು ನನಗೆ ಯಾವ ಹಕ್ಕೂ ಇಲ್ಲ. ಅವಳು ಕೊಟ್ಟ ಕೋಳಿಯನ್ನು ಪಾಲಿಗೆ ಪಡೆದವಳು ಕೊಯ್ಯುವುದಿಲ್ಲ. ಅಷ್ಟು ಮಾತ್ರ ನನಗೆ ಗೊತ್ತು. ಈ 1965ರ ಡಿಸೆಂಬರಿನವರೆಗೂ ಪಾಲು ಬಂದಿಲ್ಲವಂತೆ. ದಂಡಿಗನಹಳ್ಳಿ ಹೋಬಳಿಯ ಊರುಗಳಲ್ಲಿ ನಾನು ಭಾನುವಾರಗಳಂದು ಸುತ್ತಿದ್ದೇನೆ. ಇನ್ನೂ ಹೋಗದ ಊರುಗಳೇ ಹೆಚ್ಚು. ಡಾಕ್ಟರಮ್ಮ ಈಗಿರುವಲ್ಲಿ ಎರಡು ಗೂಡಿಗೆ ಜಾಗ ಮಾಡಿಕೊಂಡಿದ್ದಾರೆ. ಕೋಳಿ ಸಿಕ್ಕಿದರೆ ಬುಟ್ಟಿಯಲ್ಲಿಟ್ಟುಕೊಂಡು ಅದೇ ದಿನ ರೈಲು ಹತ್ತು ಎಂದು ಬರೆದಿದ್ದಾರೆ.

ಅದಕ್ಕೇ ಇದನ್ನು ಬರೆದೆ. ಕೆಂಪು ಮೈ, ಕತ್ತಿನ ಸುತ್ತ ಕಪ್ಪು, ಬಾಲದಲ್ಲಿ ಒಂದೇ ಒಂದು ಬಿಳಿ ಗರಿ, ಎಡಗಾಲಿನ ಹಿಂಬೆರಳಿಗೆ ತುದಿಯಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಅಥವಾ ಸುತ್ತಮುತ್ತ ಯಾರ ಮನೆಯಲ್ಲಾದರೂ ಅಂಥ ಹೇಂಟೆ ಇದ್ದರೆ ದಯವಿಟ್ಟು ಮಾರಬೇಡಿ, ಕೊಯ್ಯಬೇಡಿ. ಅದರಿಂದ ನಿಮಗಾಗಲಿ ಮಕ್ಕಳಿಗಾಗಲಿ ಯಾವ ರೋಗವೂ ಬರುವುದಿಲ್ಲ. ಮೊಟ್ಟೆ ತಿನ್ನಬಹುದು, ಮರಿ ಪಾಲು ಮಾಡಿಕೊಳ್ಳಬಹುದು. ಬದಲಿಗೆ ಬೇರೆ ಕೋಳಿ ನಾನು ತರುತ್ತೇನೆ. ಸೊಳ್ಳೆ ಹಾದು ಬಂದ ಮೇಲೂ ಔಷಧಿಗೆ ಬಗ್ಗದ ಸಾಲನ್ನು ಬೇರೆಲ್ಲಾದರೂ, ಕೋಳಿಯಲ್ಲೋ ಇಲಿಯಲ್ಲೋ, ನೋಡಿದವರು ಓದುಗರಲ್ಲಿದ್ದರೆ ಅವರೂ ತಿಳಿಸಲಿ. ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಒಂದು ಕಾರ್ಡು ಹಾಕಿದರೆ ನನಗೆ ಮುಟ್ಟುತ್ತದೆ. ಕೋಳಿ ಸತ್ತಿದ್ದರೆ ಅದನ್ನೂ ಬರೆಯಿರಿ. ಯಾವಾಗ ಸತ್ತಿತು, ಹೇಗೆ ಸತ್ತಿತು ಎಂದು ಬರೆಯಿರಿ. ಆಗ ಹುಡುಕುವುದನ್ನು ನಿಲ್ಲಿಸುತ್ತೇನೆ.